ಚಿಕ್ಕಪ್ಪ ಅಲ್ಲ, ಕಾಕಾ

ಜಮಖಂಡಿಯ ಜನ ನಮ್ಮ ಲ್ಯಾಬಿಗೆ 'ಮೊಲದ ದವಾಖಾನಿ' ಎಂದು ಹೆಸರಿಟ್ಟಿದ್ದರು. ಅಲ್ಲಿ ನಾವು ಮೊಲಗಳಿಗೆ ಚಿಕಿತ್ಸೆ ಕೊಡುತ್ತಿರಲಿಲ್ಲ, ಮನುಷ್ಯರಿಗೂ ಕೊಡುತ್ತಿರಲಿಲ್ಲ. ಆದರೂ ನಾಯಿ ಕುಂಟುತ್ತದೆ, ಎಮ್ಮೆ ಮೇವು ಬಿಟ್ಟಿದೆ, ಒಂದು ಸೂಜಿ ಹಾಕಿ ಎಂದು ಯಾರಾದರೂ ಬಾಗಿಲಿಗೆ ಬರುವುದು ತಪ್ಪುತ್ತಿರಲಿಲ್ಲ. ಮುಧೋಳದ ಹಿರಿಯರೊಬ್ಬರು ತಮ್ಮ ಬೇಟೆನಾಯಿಯನ್ನು ಬಾಡಿಗೆ ಟೆಂಪೋದಲ್ಲಿ ಕೂರಿಸಿಕೊಂಡು ಬಂದೇಬಿಟ್ಟಿದ್ದರು. ನನಗೆ ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟು. 'ಇದು ನಾಯಿ ದವಾಖಾನಿ ಅಲ್ರೀ' ಎಂದೆ. ಅವರು ತಣ್ಣಗೆ, 'ಅಲ್ಲಂದ್ರ ಮೊಲ ಯಾಕ ಸಾಕೀರಿ?' ಎಂದು ಕೇಳಿದರು. ಅದನ್ನು ಅವರಿಗೆ ತಿಳಿಸಿ ಹೇಳುವಷ್ಟರಲ್ಲಿ ನನ್ನ ಗಂಟಲು ಒಣಗಿ, ಅವರ ನಾಯಿ ನಮ್ಮ ಹೊಸ್ತಿಲ ಮೇಲೆ ನಿದ್ದೆ ಹೋಗಿತ್ತು.

ಎಂಬತ್ತರ ದಶಕದ ಕೊನೆಯ ವರ್ಷಗಳವು. ದೂರದ ಒಂದು ಸಂಶೋಧನಾ ಸಂಸ್ಥೆ ನಮ್ಮ ಊರಿನ ಹಳೆಯ ಹತ್ತಿ ಗೋದಾಮಿನಲ್ಲಿ ಎರಡು ಕೋಣೆ ಬಾಡಿಗೆ ಹಿಡಿದು ಈ ಲ್ಯಾಬ್ ಮಾಡಿತ್ತು. ಬೆನ್ನಿನ ಕೀಲುಗಳಲ್ಲಿ ಒಳಗೊಳಗೇ ಉರಿಯೂತವಾಗಿ, ವರ್ಷ ಕಳೆದಂತೆ ಬೆನ್ನೆಲುಬೆಲ್ಲ ಬಿದಿರಿನ ಹಾಗೆ ಒಂದೇ ತುಂಡಾಗುವ ರೋಗವೊಂದಿದೆ. ಅದು ಕೆಲವು ಮನೆತನಗಳಲ್ಲಿ ಹೆಚ್ಚು. ರಕ್ತದ ಬಿಳಿ ಕಣಗಳ ಮೈಮೇಲೆ ಒಂದು ಗುರುತು ಇದ್ದವರಿಗೆ ಆ ರೋಗ ಬರುವ ಸಂಭವವೂ ಹೆಚ್ಚು. ಆ ಗುರುತು ಮನೆಯಲ್ಲಿ ಯಾರಿಂದ ಯಾರಿಗೆ ಇಳಿದು ಬಂದಿದೆ ಎಂದು ನೋಡುವುದೇ ನಮ್ಮ ಕೆಲಸ. ಆಗಿನ ಪರೀಕ್ಷೆಗೆ ಕಣಗಳು ಜೀವಂತ ಇರಬೇಕಿತ್ತು. ರಕ್ತ ರೈಲು ಹತ್ತಿ ದೊಡ್ಡ ಊರು ಸೇರುವಷ್ಟರಲ್ಲಿ ಅವು ಸಾಯುತ್ತಿದ್ದವು. ಅದಕ್ಕೆ ಲ್ಯಾಬೇ ಜನರಿದ್ದಲ್ಲಿಗೆ ಬಂದಿತ್ತು.

ನಾವಿದ್ದದ್ದು ಮೂರೇ ಜನ. ಮುಖ್ಯಸ್ಥರಾಗಿ ಮೈಸೂರು ಕಡೆಯ ಡಾಕ್ಟರು. ಇರುವೆಗೂ ದಾರಿ ಬಿಟ್ಟು ನಡೆಯುವಂಥ ಮನುಷ್ಯ, ಸುಳ್ಳು ಹೇಳಲು ಬಾರದು, ಹೇಳಹೋದರೆ ಕಿವಿ ಕೆಂಪಗಾಗುತ್ತಿತ್ತು. ಇನ್ನೊಬ್ಬ ಸಾವಳಗಿಯ ಡ್ರೈವರ್. ಜೀಪನ್ನೂ ಅವನೇ ನೋಡಿಕೊಳ್ಳಬೇಕು, ಮೊಲಗಳಿಗೆ ಮೆಂತ್ಯ ಸೊಪ್ಪೂ ಅವನೇ ಹಾಕಬೇಕು. ಮೂರನೆಯವಳು ನಾನು, ಊರಿನದೇ ಹುಡುಗಿ, ಟೆಕ್ನೀಶಿಯನ್. ಬಿ.ಎಸ್ಸಿ. ಮಾಡಿದ್ದಕ್ಕೇ ಕೆಲಸ ಸಿಕ್ಕಿತು ಎಂದು ನಾನು ಜಂಬ ಪಡುತ್ತಿದ್ದೆ. ಡ್ರೈವರ್ ಮಾತ್ರ, 'ಅಕ್ಕಾರ, ಡಾಕ್ಟರ ಮಾತು ಜನಕ್ಕ ತಿಳಿಯಂಗಿಲ್ಲ, ಜನರ ಮಾತು ಡಾಕ್ಟರಿಗೆ ತಿಳಿಯಂಗಿಲ್ಲ, ಅದಕ್ಕ ನಿಮ್ಮನ್ನ ಇಟಗೊಂಡಾರ' ಎನ್ನುತ್ತಿದ್ದ. ಅದು ಖರೆಯೇ ಆಗಿತ್ತು ಎಂದು ಆಮೇಲೆ ಗೊತ್ತಾಯಿತು.

ಕೆಲಸ ಹೀಗಿತ್ತು. ಸಾಸಿವೆ ಹಿಡಿಸುವಷ್ಟು ಸಣ್ಣ ಕುಳಿಗಳ ತಟ್ಟೆಯಲ್ಲಿ ಬಿಳಿ ಕಣಗಳ ಒಂದು ಹನಿ, ಗುರುತು ಹಿಡಿಯುವ ಸೀರಂ, ಅಂದರೆ ರಕ್ತದ ತಿಳಿನೀರು, ಒಂದು ಹನಿ, ಆಮೇಲೆ ಮೊಲದ ಸೀರಂ ಒಂದು ಹನಿ. ಗುರುತು ಇದ್ದರೆ ಕಣ ಸಾಯುತ್ತದೆ, ಬಣ್ಣ ಹಾಕಿದಾಗ ಕಪ್ಪಗೆ ಕಾಣುತ್ತದೆ. ಇಲ್ಲದಿದ್ದರೆ ಮಿಣಿಮಿಣಿ ಹೊಳೆಯುತ್ತದೆ. ಗುರುತು ಹಿಡಿಯುವ ಆ ಸೀರಂ ಬರುತ್ತಿದ್ದದ್ದು ಎಲ್ಲಿಂದ ಎಂದುಕೊಂಡಿರಿ? ಬಹಳ ಮಕ್ಕಳನ್ನು ಹೆತ್ತ ತಾಯಂದಿರ ರಕ್ತದಿಂದ. ಗಂಡನ ಗುರುತನ್ನು ಹೊತ್ತ ಕೂಸುಗಳು ಒಂದರ ಹಿಂದೆ ಒಂದು ಹೊಟ್ಟೆಯಲ್ಲಿ ಬೆಳೆದಾಗ, ತಾಯಿಯ ರಕ್ತ ಅದನ್ನು ಹಿಡಿಯಲು ಕಲಿತುಬಿಡುತ್ತದೆ. ಇದನ್ನು ಕೇಳಿದ ದಿನ ಡ್ರೈವರ್ ಮೆಂತ್ಯದ ಕಟ್ಟು ಕೆಳಗಿಟ್ಟು, 'ನಮ್ಮವ್ವ ಒಂಬತ್ತ ಹಡದಾಳ್ರಿ ಸರ. ನಾಳಿ ಕರಕೊಂಡ ಬರ್ಲೇನ್ರಿ?' ಎಂದ. ಡಾಕ್ಟರು ನಕ್ಕು ನಕ್ಕು ಕುರ್ಚಿಯಿಂದ ಬೀಳುವುದೊಂದು ಬಾಕಿ.

ರಕ್ತವನ್ನು ಬಿಸಿಲಿನಲ್ಲಿಡಬಾರದು, ಬರ್ಫದಲ್ಲೂ ಇಡಬಾರದು. ಅದಕ್ಕೆ ಡ್ರೈವರ್ ತನ್ನ ಮನೆಯ ಕೌದಿಯಲ್ಲಿ ಡಬ್ಬಿಯನ್ನು ಸುತ್ತಿ, ಕೂಸನ್ನು ಮಲಗಿಸಿದ ಹಾಗೆ ಸೀಟಿನ ಮೇಲೆ ಇಡುತ್ತಿದ್ದ. ಯಾವ ಊರಿಗೆ ಹೋದರೂ ಯಾರಾದರೊಬ್ಬರು ಸೋಡಾ ಅಂಗಡಿಗೆ ಓಡಿ ಬರ್ಫ ತಂದೇ ತರುತ್ತಿದ್ದರು. 'ಬ್ಯಾಡ್ರಿ, ಇದಕ್ಕ ನೆಗಡಿ ಆಕ್ಕೈತಿ' ಎಂದು ಇವನು ಅದನ್ನು ಒಡೆದು ಅಲ್ಲಿಯ ಹುಡುಗರಿಗೆ ಹಂಚುತ್ತಿದ್ದ.

ಬನಹಟ್ಟಿಯ ನೇಕಾರರ ಮನೆಗೆ ಡಾಕ್ಟರು ಹೋದ ದಿನ ನಾನು ಜೊತೆಗಿರಲಿಲ್ಲ. ಹಿಂದಿನ ದಿನ ಅನಗವಾಡಿಯಿಂದ ತಂದ ರಕ್ತ ಲ್ಯಾಬಿನಲ್ಲಿ ಕಾಯುತ್ತಿತ್ತು, ಅದನ್ನು ಬಿಟ್ಟು ಏಳುವ ಹಾಗಿರಲಿಲ್ಲ. ಡ್ರೈವರ್ ಜೀಪಿನ ಹತ್ತಿರವೇ ಉಳಿದ. ಡಾಕ್ಟರು ಒಬ್ಬರೇ ಒಳಗೆ ಹೋಗಿ, ಕೇಳಿ, ಬರೆದುಕೊಂಡು, ರಕ್ತ ತೆಗೆದುಕೊಂಡು ಸಂಜೆಗೆ ಬಂದರು. ಬಹಳ ಖುಷಿಯಲ್ಲಿದ್ದರು. 'ಒಳ್ಳೇ ಕುಟುಂಬ ಕಣ್ರೀ. ಮನೇಲೊಬ್ಬಳು ಹುಡುಗಿ ಇದ್ದಾಳೆ, ಅವಳ ಚಿಕ್ಕಪ್ಪನಿಗೆ ಕಾಯಿಲೆ. ಬೆನ್ನು ಪೂರಾ ಬಾಗಿದೆ, ಆದ್ರೂ ಮಗ್ಗ ಬಿಟ್ಟಿಲ್ಲ. ಮದುವೆ ಆಗಿಲ್ಲ ಅನ್ಸುತ್ತೆ ಪಾಪ, ಅಣ್ಣನ ಮನೇಲೇ ಇದ್ದಾರೆ' ಎಂದರು.

ಆ ಹುಡುಗಿ ಸುಮ್ಮನೆ ತೋಳು ಚಾಚಿರಲಿಲ್ಲವಂತೆ. ಮುಧೋಳದ ಕಡೆಗೆ ಅವಳ ಲಗ್ನ ನಿಶ್ಚಯವಾಗಿತ್ತು. 'ನನಗ ಅದು ಐತೋ ಇಲ್ಲೋ ಹೇಳಬೇಕ್ರಿ. ಹೋಗೂ ಮನಿಗೆ ಮುಚ್ಚಿಟ್ಟ ಹೋಗಾಕ ನಾ ಒಲ್ಲೆ' ಎಂದು ಕರಾರು ಹಾಕಿದ್ದಳು. ಡಾಕ್ಟರು ಹೇಳುತ್ತೇನೆಂದು ಮಾತು ಕೊಟ್ಟು ಬಂದಿದ್ದರು.

ಟ್ಯೂಬುಗಳ ಮೇಲೆ ಅವರ ದುಂಡು ಅಕ್ಷರದಲ್ಲಿ ತಂದೆ, ತಾಯಿ, ಮಗಳು, ಚಿಕ್ಕಪ್ಪ ಎಂದು ಬರೆದಿತ್ತು. ಮರುದಿನ ನಾನು ಪರೀಕ್ಷೆ ಮಾಡಿದೆ. ಬಿಳಿ ಕಣಗಳ ಮೇಲೆ ಇಂಥ ಗುರುತುಗಳು ಹಲವು; ಮಕ್ಕಳಿಗೆ ಅವು ಅರ್ಧ ತಾಯಿಯಿಂದ, ಅರ್ಧ ತಂದೆಯಿಂದ ಬರುತ್ತವೆ. ಈ ಮಗಳಲ್ಲಿ ತಾಯಿಯ ಅರ್ಧ ಸರಿಯಾಗಿ ಕೂಡಿತು. ಇನ್ನರ್ಧ ತಂದೆಯದಕ್ಕೆ ಕೂಡಲೇ ಇಲ್ಲ. ಚಿಕ್ಕಪ್ಪ ಎಂದು ಬರೆದ ಟ್ಯೂಬಿಗೆ ಅಚ್ಚು ಹೊಡೆದ ಹಾಗೆ ಕೂಡಿತು. ನಾವು ಹುಡುಕುತ್ತಿದ್ದ ಗುರುತೂ ಆ ಅರ್ಧದಲ್ಲೇ ಇತ್ತು.

ಡಾಕ್ಟರು ಮೈಕ್ರೋಸ್ಕೋಪಿನಿಂದ ತಲೆ ಎತ್ತಿ, ನನ್ನ ಮುಖ ನೋಡದೆ, 'ಟ್ಯೂಬ್ ಅದಲುಬದಲಾಗಿರಬೇಕು' ಎಂದರು.

'ನನ್ನ ಕೈಯಾಗ ಆಗಂಗಿಲ್ರಿ. ನಿಮ್ಮ ಕೈಯಾಗ ಆಗಿದ್ರ ನೀವ ಹೇಳ್ರಿ' ಎಂದೆ. ಉಳಿದ ರಕ್ತದಲ್ಲಿ ಮತ್ತೆ ಮಾಡಿ ತೋರಿಸಿದೆ. ಅದೇ ಬಂತು. ಎಷ್ಟು ನಾಚಿಕೆಯಾಯಿತೆಂದರೆ ಇಬ್ಬರೂ ಮೊಲಗಳ ಕಡೆ ನೋಡುತ್ತ ನಿಂತೆವು. ಕಾಣದ ಹೆಂಗಸಿನ ಮನೆಯ ಬಾಗಿಲು ಸರಿಸಿ ಒಳಗೆ ಇಣುಕಿದ ಹಾಗಾಗಿತ್ತು ನನಗೆ.

'ಈ ಮಾತು ಈ ಕೋಣೆ ದಾಟಬಾರದು' ಎಂದರು ಡಾಕ್ಟರು. ದಾಟಿಸುವವರು ಯಾರು? ಆದರೆ ಹುಡುಗಿಗೆ ಕೊಟ್ಟ ಮಾತು? ನಿನಗೆ ಗುರುತು ಇದೆ ಎಂದರೆ, ಎಲ್ಲಿಂದ ಬಂತು ಎಂದು ಅವಳು ಕೇಳೇ ಕೇಳುತ್ತಾಳೆ. ತಾಯಿಗಿಲ್ಲ, ತಂದೆಗಿಲ್ಲ. ಇಲ್ಲ ಎಂದು ಸುಳ್ಳು ಹೇಳೋಣವೆಂದರೆ ಡಾಕ್ಟರ ಆ ಕೆಂಪು ಕಿವಿಗಳು ಬಿಡಬೇಕಲ್ಲ. ಲಗ್ನದ ಹೊಸ್ತಿಲಲ್ಲಿ ನಿಂತ ಹುಡುಗಿಯ ಮನೆಯನ್ನು ತಮ್ಮ ಬಾಯಿಂದಲೇ ಒಡೆದ ಹಾಗಾಗುತ್ತದೆ ಎಂದು ಅವರು ಊಟ ಬಿಟ್ಟರು.

ಹುಡುಗಿ ಮೊದಲ ಸಲ ಗೆಳತಿಯೊಬ್ಬಳ ಜೊತೆ ಬಸ್ಸಿನಲ್ಲಿ ಬಂದಳು. 'ಇನ್ನೂ ಆಗಿಲ್ಲಮ್ಮ' ಎಂದರು ಡಾಕ್ಟರು. ಕಿವಿ ಕೆಂಪು. ಎರಡನೇ ಸಲ ಅವಳು ಗೇಟಿನಲ್ಲಿ ಕಂಡದ್ದೇ ತಡ, ಅಷ್ಟು ದೊಡ್ಡ ಡಾಕ್ಟರು ಮೊಲದ ಗೂಡುಗಳ ಹಿಂದೆ ಹೋಗಿ ಅಡಗಿ ಕೂತರು. ಸರ್ ಊರಲ್ಲಿಲ್ಲ ಎಂದು ನಾನು ಹೇಳುತ್ತಿರುವಾಗಲೇ ಒಳಗಿನಿಂದ ಅವರ ಸೀನು ಕೇಳಿಸಿತು. 'ಮೊಲಕ್ಕ ನೆಗಡಿ ಆಗೇತ್ರಿ' ಎಂದ ಡ್ರೈವರ್. ಹುಡುಗಿ ನಗಲಿಲ್ಲ.

ಮೂರನೇ ಸಲ ಬಂದಾಗ ಅವಳ ಜೊತೆ ಗೆಳತಿ ಇರಲಿಲ್ಲ. ಬೆನ್ನು ಬಾಗಿದ ಒಬ್ಬರು ನಿಧಾನಕ್ಕೆ ನಡೆದು ಬಂದು ಗೇಟಿನ ಹತ್ತಿರದ ಬೇವಿನ ಗಿಡದ ಕೆಳಗೆ ಕೂತರು. ಅವರೇ ಆ ಚಿಕ್ಕಪ್ಪ ಎಂದು ನನಗೆ ಗೊತ್ತಾಯಿತು. ಕಣ್ಣೆತ್ತಿ ನೋಡಲೂ ನನಗೆ ಆಗಲಿಲ್ಲ. ಹುಡುಗಿ ಒಬ್ಬಳೇ ಒಳಗೆ ಬಂದು ಡಾಕ್ಟರ ಮೇಜಿನ ಮುಂದೆ ನಿಂತಳು.

'ಸರ, ಸಣ್ಣದಿದ್ರ ನೀವು ಇಷ್ಟೊತ್ತಿಗೆ ಹೇಳತಿದ್ರಿ. ದೊಡ್ಡದೇ ಐತಿ, ಅದಕ್ಕ ಹೇಳವಲ್ರಿ. ಇವತ್ತ ಹೇಳಲಿಲ್ಲಂದ್ರ ನಾ ಲಗ್ನ ಬ್ಯಾಡಂತ ಹೇಳಿ ಕಳಸ್ತೇನ್ರಿ. ಆ ಹುಡುಗಗ ಮೋಸ ಮಾಡಾಕ ನನಗ ಆಗಂಗಿಲ್ಲ.' ಹೇಳುವ ತನಕ ಏಳುವುದಿಲ್ಲ ಎಂದು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತಳು.

ಡಾಕ್ಟರು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಊಟದ ಹೊತ್ತಾಗಿತ್ತು. ಏನಾದರೂ ತಿಂದರೆ ಬುದ್ಧಿಯಾದರೂ ಓಡೀತು ಎಂದು ನಾನು ಡಬ್ಬಿ ಬಿಚ್ಚಿದೆ. ಎಣ್ಣೆಗಾಯಿ ಬದನೆಕಾಯಿ, ಶೇಂಗಾ ಹಿಂಡಿ, ಖಡಕ್ ರೊಟ್ಟಿ. ಡಬ್ಬಿ ಯಾವಾಗಲೂ ಮೂವರಿಗೆ ಸಾಕಾಗುವಷ್ಟೇ ಬರುತ್ತಿತ್ತು. 'ತಿನ್ರಿ ಸರ. ನಿಮಗಂತ ನಮ್ಮ ವೈನಿ ಬ್ಯಾರೇನ ಇಟ್ಟಾಳ' ಎಂದೆ. ಅವರು ಒಂದು ಚೂರು ಮುರಿದು ಬಾಯಿಗಿಟ್ಟುಕೊಂಡರು. ದುಃಖದಲ್ಲೂ ಉಪಚಾರದ ಮಾತು ಬಿಡುವವರಲ್ಲ ಅವರು.

'ನಿಮ್ಮ ಅಣ್ಣ ಅದೃಷ್ಟವಂತ ಕಣ್ರೀ' ಎಂದರು.

'ಯಾವ ಅಣ್ಣರೀ? ನನಗ ಅಣ್ಣ ಎಲ್ಲಿ ಅದಾನ?'

'ಮತ್ತೆ ವೈನಿ? ವೈನಿ ಅಂದ್ರೆ ಅಣ್ಣನ ಹೆಂಡತಿ ಅಂತ ನಮ್ಮ ಡ್ರೈವರೇ ಹೇಳಿದ್ದ.'

'ಹೌದ್ರಿ. ಆದ್ರ ನಮ್ಮ ವೈನಿ ಅಂದ್ರ ನನ್ನ ಹಡದಾಕಿ.'

ಡಾಕ್ಟರ ಕೈಯ ತುತ್ತು ಅಲ್ಲೇ ನಿಂತಿತು. ಲ್ಯಾಬ್ ಶುರುವಾದ ದಿನದಿಂದ ಅವರು ನನ್ನ ತಾಯಿಯ ರೊಟ್ಟಿ ತಿಂದು ನನ್ನ ಇಲ್ಲದ ಅಣ್ಣನ ಸಂಸಾರವನ್ನು ಹೊಗಳುತ್ತಿದ್ದರು. ನಾನು ಬಿಡಿಸಿ ಹೇಳಿದೆ: ಮನೆಯಲ್ಲಿ ಅಪ್ಪನ ತಮ್ಮಂದಿರು ಇಡೀ ದಿನ ವೈನಿ ಚಹಾ, ವೈನಿ ಅಂಗಿ ಎಂದು ಕೂಗುವವರು. ಮಾತು ಕಲಿಯುವಾಗ ನನ್ನ ಕಿವಿಗೆ ಬಿದ್ದದ್ದು ಅದೇ, ಬಾಯಿಗೆ ಬಂದದ್ದೂ ಅದೇ. ಯಾರೂ ತಿದ್ದಲಿಲ್ಲ. 'ನಮ್ಮನ್ಯಾಗೂ ಹಂಗರೀ. ನಾ ನಮ್ಮಪ್ಪಗ ಅಣ್ಣಾ ಅಂತೇನಿ' ಎಂದ ಡ್ರೈವರ್, ಬದನೆಕಾಯಿ ಹಾಕಿಕೊಳ್ಳುತ್ತ. ಡಾಕ್ಟರು ಎಷ್ಟೋ ದಿನಗಳ ಮೇಲೆ ನಕ್ಕರು. ನಾನೂ ನಕ್ಕೆ. ನಗುತ್ತ ನಗುತ್ತ ನನಗೆ ಬನಹಟ್ಟಿಯ ಟ್ಯೂಬುಗಳು ನೆನಪಾದವು.

'ಸರ, ಬನಹಟ್ಟಿ ಹುಡುಗಿ ಆ ಬೆನ್ನು ಬಾಗಿದವರಿಗೆ ಏನಂತ ಕರದಳ್ರಿ? ಆಕಿ ಬಾಯಾಗ ಬಂದ ಮಾತ ಹೇಳ್ರಿ.'

'ಕಾಕಾ ಅಂದಳು. ಅದಕ್ಕೇ ಚಿಕ್ಕಪ್ಪ ಅಂತ ಬರೆದೆ.'

'ಮತ್ತ ಆ ಮನಿ ದೊಡ್ಡವರಿಗೆ?'

'ಅಪ್ಪ.'

'ಆ ದೊಡ್ಡವರು ಒಳಗ ಬಂದಾಗ ಅವರವ್ವ ಏನ ಮಾಡಿದ್ರು?'

ಡಾಕ್ಟರು ನೆನಪು ಮಾಡಿಕೊಂಡರು. 'ತಲೆ ತುಂಬ ಸೆರಗು ಹೊದ್ದುಕೊಂಡು ಗೋಡೆ ಕಡೆ ಸರಿದು ನಿಂತರು. ಗಂಡ ಅಂದ್ರೆ ಎಷ್ಟು ಗೌರವ ಅಂದ್ಕೊಂಡೆ.'

ಡ್ರೈವರ್ ಬೆರಳು ನೆಕ್ಕುವುದನ್ನು ನಿಲ್ಲಿಸಿದ. 'ಹಂಗ ಸೆರಗ ಹೊಚಗೊಳ್ಳೂದು ಗಂಡಗ ಅಲ್ರಿ ಸರ, ಭಾವಗ, ಗಂಡನ ಅಣ್ಣಗ' ಎಂದ.

ಟ್ಯೂಬಿನ ಮೇಲೆ ಕಾಕಾ ಎಂದೇ ಬರೆದು ತಂದಿದ್ದರೆ, ಯಾರ ಬಾಯಿಯ ಕಾಕಾ ಎಂದು ನಾನು ಅವತ್ತೇ ಕೇಳುತ್ತಿದ್ದೆ. ಪುಣ್ಯಾತ್ಮರು ಅದನ್ನು ಮೈಸೂರಿಗೆ ಒಯ್ದು ಚಿಕ್ಕಪ್ಪ ಮಾಡಿ ತಂದಿದ್ದರು. ನಾನು ಎಂಜಲು ಕೈಯಲ್ಲೇ ಹೊರಗೆ ಓಡಿದೆ. ಡಾಕ್ಟರು ಹಿಂದೆ ಓಡಿ ಬಂದರು.

'ತಂಗಿ, ನಿನ್ನ ಹಡದ ತಂದಿ ಯಾರು?'

ಮೆಟ್ಟಿಲ ಮೇಲೆ ಕೂತಿದ್ದ ಹುಡುಗಿ ನನಗೆ ತಲೆ ಕೆಟ್ಟಿದೆಯೇನೋ ಎಂಬಂತೆ ನೋಡಿದಳು. 'ಅಲ್ಲಿ ಕುಂತಾರಲ್ರಿ, ನಮ್ಮ ಕಾಕಾ' ಎಂದು ಬೇವಿನ ಗಿಡದ ಕಡೆ ಕೈ ತೋರಿಸಿದಳು.

'ಮತ್ತ ಅಪ್ಪಾ ಅಂತೀಯಲ್ಲ, ಅವರು?'

'ಅವರು ನಮ್ಮ ದೊಡ್ಡಪ್ಪ. ದೊಡ್ಡವ್ವ ನಾ ಹುಟ್ಟೂಕಿಂತ ಮೊದಲ ತೀರಿಕೊಂಡಾಳ. ಅವರ ಮಕ್ಕಳು ಅವರಿಗೆ ಅಪ್ಪಾ ಅಂತಿದ್ರು, ನಾನೂ ಅಂದೆ. ಇವರಿಗೆ ಕಾಕಾ ಅಂತಿದ್ರು, ನಾನೂ ಅಂದೆ. ಯಾಕ್ರಿ, ಏನ ತಪ್ಪಾತು?'

'ಏನೂ ತಪ್ಪಿಲ್ಲಮ್ಮ' ಎನ್ನುತ್ತ ಡಾಕ್ಟರು ಅವಳ ಪಕ್ಕದಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಕನ್ನಡಕ ತೆಗೆದು ಒರೆಸಿದರು, ಮತ್ತೆ ಒರೆಸಿದರು. 'ಆ ತಾಯಿಯ ಕಾಲಿಗೆ ಬೀಳಬೇಕು ನಾನು' ಎಂದು ನನಗಷ್ಟೇ ಕೇಳಿಸುವ ಹಾಗೆ ಅಂದರು. ಯಾಕೆ ಎಂದು ಆ ಮನೆಯವರಿಗೆ ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಕಾಕಾನನ್ನೂ ಕರೆದು ಕೂರಿಸಿಕೊಂಡು ಹೇಳಿದರು. ಗುರುತು ಇದೆ. ತಂದೆಯಿಂದ ಬಂದಿದೆ. ಆದರೆ ಗುರುತು ಎಂದರೆ ರೋಗವಲ್ಲ, ಗುರುತು ಇದ್ದವರಲ್ಲಿ ಹೆಚ್ಚಿನವರಿಗೆ ಆ ರೋಗ ಬರುವುದೇ ಇಲ್ಲ. ಬೆಳಿಗ್ಗೆ ಎದ್ದಾಗ ಬೆನ್ನು ಹಿಡಿದುಕೊಳ್ಳುವುದು ತಿಂಗಳುಗಟ್ಟಲೆ ನಡೆದರೆ ಬಂದು ತೋರಿಸಬೇಕು, ಬೆನ್ನು ನೆಟ್ಟಗಿಟ್ಟು ನಡೆಯಬೇಕು, ಅಷ್ಟೇ. ನಾನು ಒಂದೊಂದು ಮಾತನ್ನೂ ನಮ್ಮ ಮಾತಿನಲ್ಲಿ ತಿರುಗಿಸಿ ಹೇಳಿದೆ. ಈ ಸಲ ಒಂದು ಅಕ್ಷರವನ್ನೂ ಡಾಕ್ಟರ ಮೇಲೆ ಬಿಡಲಿಲ್ಲ.

ಕಾಕಾ ನೆಲ ನೋಡುತ್ತ ಕೂತಿದ್ದರು. 'ಮಗಳಿಗೆ ಕೊಡಾಕ ನನ್ನ ಹತ್ರ ಮತ್ತೇನೂ ಇರಲಿಲ್ಲೇನ್ರಿ' ಎಂದರು. ಹುಡುಗಿ ಅವರ ಕೈ ಹಿಡಿದಳು. 'ಎಲ್ಲಾರಿಗೂ ಬಳುವಳಿ ಲಗ್ನದಾಗ ಬರತೈತಿ ಕಾಕಾ. ನೀ ನನಗ ಹುಟ್ಟಿದ ದಿನಾನ ಕೊಟ್ಟೀದಿ' ಎಂದು ನಕ್ಕಳು. ಅಂಥ ಹೊತ್ತಿನಲ್ಲಿ ನಗುವ ಹುಡುಗಿಯ ಮೇಲೆ ನನಗೆ ಪ್ರೀತಿ ಹುಟ್ಟದೆ ಇರುತ್ತದೆಯೆ.

ಮುಧೋಳಕ್ಕೆ ಅವಳೇ ಹೇಳಿ ಕಳಿಸಿದಳು. ಅಲ್ಲಿಂದ ಉತ್ತರ ಬರುವ ತನಕ ಲ್ಯಾಬಿನಲ್ಲಿ ಯಾರಿಗೂ ಕೆಲಸ ಕೈಹತ್ತಲಿಲ್ಲ. ಆ ಮನೆಯವರು ಒಲ್ಲೆ ಎಂದರೆ ನಾನೇ ಹೋಗಿ ಜಗಳ ತೆಗೆಯುವವಳಿದ್ದೆ, ಏನೇನು ಅನ್ನಬೇಕು ಎಂದು ಮನಸ್ಸಿನಲ್ಲಿ ಸಿದ್ಧ ಮಾಡಿಕೊಂಡಿದ್ದೆ. ಅಷ್ಟರಲ್ಲಿ ಹುಡುಗನ ಅಜ್ಜಿಯೇ ಕೋಲೂರಿಕೊಂಡು ಬಸ್ಸಿಳಿದು ಬಂದರು. ಡಾಕ್ಟರು ಗಾಬರಿಯಿಂದ, 'ಆ ಹುಡುಗಿ ವಿಷಯ ನಾನು ಹೇಳೋ ಹಾಗಿಲ್ಲಮ್ಮ, ಅವಳೇ ಹೇಳಬೇಕು' ಎಂದರು.

'ಆಕಿ ಎಲ್ಲಾ ಹೇಳ್ಯಾಳ. ನಾ ಬಂದದ್ದು ಬ್ಯಾರೇ. ಆಕೀ ರಕ್ತ ಅಷ್ಟ ನೋಡಿದ್ರ ಹೆಂಗ, ನಮ್ಮ ಹುಡುಗಂದೂ ನೋಡ್ರಿ. ನಾಳಿ ಕಳಸ್ತೇನಿ' ಎಂದರು ಅಜ್ಜಿ. ನಾನು ಕೊಟ್ಟ ನೀರು ಕುಡಿದು, ಮೊಲಗಳನ್ನೆಲ್ಲ ನೋಡಿ, ಹೊರಡುವಾಗ ಇನ್ನೊಂದು ಮಾತು ಸೇರಿಸಿದರು. 'ಮುಂದ ಬೆನ್ನ ಬಗ್ಗಿದ್ರ ಬಗ್ಗಲಿ ಬಿಡ್ರಿ. ನಮ್ಮ ಮನಿ ಬಾಗಲಾ ಗಿಡ್ಡ ಐತಿ. ಎಲ್ಲಾರೂ ಬಗ್ಗೇ ಒಳಗ ಬರೂದು.' ನಾನು ಸಿದ್ಧ ಮಾಡಿಟ್ಟ ಜಗಳವೆಲ್ಲ ದಂಡವಾಯಿತು.

ಲಗ್ನಕ್ಕೆ ನಾವು ಮೂವರೂ ಬನಹಟ್ಟಿಗೆ ಹೋದೆವು. ಅಕ್ಷತೆಗೆ ಮೊದಲು, ಲಗ್ನ ಮಾಡಿಸುವ ಅಯ್ಯನವರು, 'ಹುಡುಗಿ ತಂದಿ-ತಾಯಿ ಮುಂದ ಬರ್ರಿ' ಎಂದು ಕರೆದರು. ತಾಯಿ ಬಂದು ನಿಂತರು. ಕಾಕಾ ಕಾಣಲಿಲ್ಲ. ಅಷ್ಟು ಜನರ ಮುಂದೆ ಬಾಗಿದ ಬೆನ್ನು ಹೊತ್ತು ಬರಲು ನಾಚಿ, ಹಂದರದ ಕಂಬದ ಹಿಂದೆ ನಿಂತುಬಿಟ್ಟಿದ್ದರು. ಯಾರೋ ಹಿರಿಯಣ್ಣನನ್ನು ಮುಂದಕ್ಕೆ ತಳ್ಳಿ, 'ನೀವರ ನಿಲ್ರಿ, ಮನಿಗೆ ದೊಡ್ಡವರು' ಎಂದರು. ತಾಯಿ ಗಡಬಡಿಸಿ ಸೆರಗು ಎಳೆದುಕೊಂಡು ಹಿಂದೆ ಸರಿದರು. ಅವರ ಮುಖ ನೋಡಿ ನನಗೆ ಸಂಕಟವಾಯಿತು.

ಆಗ ನನ್ನ ಪಕ್ಕದಿಂದ ದೊಡ್ಡ ದನಿಯೊಂದು ಎದ್ದಿತು. 'ಚಿಕ್ಕಪ್ಪ ಅಲ್ರೀ, ಕಾಕಾ! ಕಾಕಾನ್ನ ಕರೀರಿ. ಕಾಕಾನೇ ಅಪ್ಪ ಅದಾನ!' ನಮ್ಮ ಡಾಕ್ಟರು. ಚಿಕ್ಕಪ್ಪನ ಮಾತು ಅಲ್ಲಿ ಯಾರೂ ಎತ್ತಿರಲಿಲ್ಲ. ಇಡೀ ಹಂದರ ಗೊಳ್ಳೆಂದು ನಕ್ಕಿತು. ಆ ಊರಿನವರಿಗೆ ಅದರಲ್ಲಿ ಹೊಸ ಸುದ್ದಿ ಏನೂ ಇರಲಿಲ್ಲ, ಮೈಸೂರಿನವರು ಅದನ್ನು ಅಷ್ಟು ಎದೆಯುಬ್ಬಿಸಿ ಹೇಳಿದ್ದಕ್ಕೇ ನಗು. ಅಣ್ಣನೇ ಹೋಗಿ ತಮ್ಮನನ್ನು ಕಂಬದ ಹಿಂದಿನಿಂದ ಕೈ ಹಿಡಿದು ಕರೆತಂದರು. 'ಸಾವಕಾಶ ಬಾ ಕಾಕಾ' ಎಂದಳು ಮದುಮಗಳು. ಮಗಳ ಕೈಯನ್ನು ಅಳಿಯನ ಕೈಯಲ್ಲಿ ಇಡುವಾಗ ಕಾಕಾನಿಗೆ ಬೆನ್ನು ನೆಟ್ಟಗೆ ಮಾಡಲು ಆಗಲಿಲ್ಲ. ಮುಧೋಳದ ಹುಡುಗ ತಾನೇ ಅವರಷ್ಟು ಬಗ್ಗಿ ಕೈ ಹಿಡಿದ. ನನಗೆ ಅಳು ತಡೆಯಲಾಗಲಿಲ್ಲ.

ಆ ಸಂಜೆ ಮನೆಗೆ ಬಂದಾಗ ತಾಯಿ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಲ್ಲಿ ನಿಂತು, ಹುಟ್ಟಿದಾಗಿನಿಂದ ಒಮ್ಮೆಯೂ ಕರೆಯದ ಹಾಗೆ ಕರೆದು ನೋಡಿದೆ. 'ಅವ್ವಾ' ಎಂದೆ.

ಅವಳು ಹಿಟ್ಟಿನ ಕೈಯಲ್ಲೇ ಎದ್ದು ಬಂದು ನನ್ನ ಹಣೆ ಮುಟ್ಟಿ ನೋಡಿದಳು. 'ಯಾಕವಾ, ಜ್ವರ ಬಂದಾವೇನು?'

'ಇಲ್ಲ ವೈನಿ' ಎಂದೆ. ಅವಳ ಮುಖ ಸಮಾಧಾನವಾಯಿತು.